ಕರಟದ ಗ್ಯಾಸಿನಲ್ಲಿ ಕಡೂರಿಗೆ

ಜಂಬ ಕೊಚ್ಚಿಕೊಳ್ಳುವುದು ಒಳ್ಳೆಯ ಹೆಣ್ಣುಮಕ್ಕಳ ಲಕ್ಷಣವಲ್ಲ ಎಂದು ಮದುವೆಗೆ ಮುಂಚೆ ನನ್ನ ತಾಯಿಯೂ ಮದುವೆಯಾದ ಮೇಲೆ ನನ್ನ ಅತ್ತೆಯೂ ಹೇಳಿಕೊಟ್ಟಿದ್ದಾರೆ. ಇಬ್ಬರ ಶ್ರಮವೂ ದಂಡವಾಯಿತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೀರೆ, ಒಡವೆ, ಮಕ್ಕಳ ಅಂಕ ಇವುಗಳ ಬಗ್ಗೆ ಜಂಬ ಪಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಜಂಬದ ವಸ್ತುವೇ ಬೇರೆ. ಪ್ರಪಂಚದ ದೊಡ್ಡ ದೊಡ್ಡ ದೇಶಗಳೆಲ್ಲ ಪೆಟ್ರೋಲಿಗಾಗಿ ಬಾಯಿ ಬಾಯಿ ಬಿಡುತ್ತಿದ್ದ ಕಾಲದಲ್ಲಿ, ಅಜ್ಜಂಪುರದಿಂದ ಕಡೂರಿನವರೆಗೆ ತೆಂಗಿನ ಕರಟದ ಬಲದಿಂದ ಕಾರಿನಲ್ಲಿ ಹೋದವಳು ನಾನು. ಈ ಸಂಗತಿಯನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಆಸ್ಪತ್ರೆಯಲ್ಲಿ ಚೀಟಿಗೆ ಕಾದವರಿಗೆ, ಒಮ್ಮೆ ಹಲ್ಲು ಕೀಳುವ ಡಾಕ್ಟರಿಗೂ ಹೇಳಿದ್ದೇನೆ. ಬಾಯಿ ತೆರೆದುಕೊಂಡೇ ಹೇಳಿದ್ದರಿಂದ ಆತನಿಗೆ ಎಷ್ಟು ಅರ್ಥವಾಯಿತೋ ತಿಳಿಯದು.

ಆ ಕಾರು ನಮ್ಮ ಮಾವ ರುದ್ರಪ್ಪನವರದು. ಅಜ್ಜಂಪುರದಲ್ಲಿ ಅವರದು ಕೊಬ್ಬರಿ ಮಂಡಿ. ಯಗಟಿ, ಚೌಳಹಿರಿಯೂರಿನ ಕಡೆಯಿಂದ ಗಾಡಿಗಳಲ್ಲಿ ಬಂದ ಕೊಬ್ಬರಿಕಾಯಿಯನ್ನು ನಮ್ಮ ಹಿತ್ತಲಿನಲ್ಲಿ ಒಡೆದು, ಕೊಬ್ಬರಿ ಒಳಗೆ, ಕರಟ ಹೊರಗೆ. ಹೀಗಾಗಿ ಹಿತ್ತಲಿನ ಮೂಲೆಯಲ್ಲಿ ಕರಟದ ಒಂದು ಸಣ್ಣ ಗುಡ್ಡವೇ ಇರುತ್ತಿತ್ತು. ಕಾರು ಕಾಫಿ ತೋಟದ ಬಿಳಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಮಾರಿಹೋದದ್ದು. ಕಪ್ಪು ಬಣ್ಣ, ಬಾತುಕೋಳಿ ಕೂಗಿದಂಥ ಹಾರನ್ ಸದ್ದು. ಮಾವ ಹಣೆ ತುಂಬ ವಿಭೂತಿ ಧರಿಸಿ, ಬಿಳಿಯ ರುಮಾಲು ಸುತ್ತಿ, ಮಠದ ಸ್ವಾಮಿಗಳ ದರ್ಶನಕ್ಕೆ ಅದರಲ್ಲಿ ಹೊರಟರೆಂದರೆ ಬಾಗಿಲಲ್ಲಿ ನಿಂತು ನೋಡುವುದಕ್ಕೇ ಒಂದು ಸಂತೋಷ. ಅಂಥ ಕಾರು ಎಪ್ಪತ್ಮೂರನೇ ಇಸವಿಯ ಕೊನೆಗೆ ಹಂಚಿನ ಷೆಡ್ಡು ಸೇರಿತು. ಅರಬ್ಬರು ಎಣ್ಣೆ ಕಡಿಮೆ ಮಾಡಿದರು, ಬೆಲೆ ಎಲ್ಲೋ ಹೋಗಿ ಕೂತಿತು, ಬೀರೂರಿನ ಬಂಕಿನಲ್ಲಿ ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಮಾವ ಸೋಮವಾರಕ್ಕೊಮ್ಮೆ ಕಾರನ್ನು ತೊಳೆದು, ಒರೆಸಿ, ಒಂದು ಗಳಿಗೆ ಸ್ಟೇರಿಂಗು ಹಿಡಿದು ಕೂತು, ನಿಟ್ಟುಸಿರು ಬಿಟ್ಟು ಇಳಿದು ಬರುತ್ತಿದ್ದರು. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದ್ದು ಆಗಲೇ.

ಕಾರು ನಿಂತ ಮೇಲೆ ನಮ್ಮ ಜಗಲಿಯಲ್ಲಿ ಅಂತರರಾಷ್ಟ್ರೀಯ ವಿಚಾರ ಶುರುವಾಯಿತು. ಮಾವ ಬೆಳಿಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವರು. ಯಾವ ದೇಶ ಎಷ್ಟು ಎಣ್ಣೆ ಕುಡಿಯುತ್ತದೆ, ಯಾವ ದೇಶದ ನೆಲದಡಿ ಎಷ್ಟಿದೆ, ಅಮೆರಿಕದವನು ಏನಂದ, ಷೇಖು ಏನಂದ. ನಾನು ಕಾಫಿ ಕೊಡಲು ಹೋದರೆ ಲೋಟ ತೆಗೆದುಕೊಳ್ಳುವುದನ್ನು ಬಿಟ್ಟು ಪಾಠ ಹೇಳುವರು. "ನೋಡಮ್ಮಾ ಮಂಗಳಾ, ಬೇಡಿಕೆ, ಪೂರೈಕೆ, ಇಷ್ಟೇ ಕಣಮ್ಮ ಪ್ರಪಂಚ. ತಟ್ಟೇಲಿ ರೊಟ್ಟಿ ಐದು, ಚಟ್ನಿ ಒಂದೇ ಒಂದು ಉಂಡೆ. ಅಮೆರಿಕದವನು ಮೊದಲ ರೊಟ್ಟಿಗೇ ಅರ್ಧ ಚಟ್ನಿ ಬಳ್ಕೊಂಡ್ಬಿಟ್ಟ. ಈಗ ಉಳಿದೋರು ಒಣರೊಟ್ಟಿ ತಿನ್ನಬೇಕು." ಒಳಗಿನಿಂದ ಅತ್ತೆ, "ಒಣರೊಟ್ಟಿ ತಿನ್ನೋದು ಬ್ಯಾಡ, ಚಟ್ನಿ ಇನ್ನೂ ಅದೆ, ಬನ್ನಿ," ಎಂದು ಕೂಗುತ್ತಿದ್ದರು. ಎಣ್ಣೆಯ ಬಿಕ್ಕಟ್ಟನ್ನು ಅಷ್ಟು ಸುಲಭವಾಗಿ ಬಗೆಹರಿಸಿದವರು ಬೇರೆ ಯಾರೂ ಇರಲಾರರು.

ನನ್ನ ಸಂಗತಿಯನ್ನೂ ಇಲ್ಲಿ ಒಂದು ಮಾತು ಹೇಳಬೇಕು. ಮದುವೆಗೆ ಮುಂಚೆ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಅಜ್ಜಂಪುರದಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ತೆರೆದಾಗ, ಸೊಸೆಯನ್ನು ಅಲ್ಲಿಗೆ ಸೇರಿಸಿದವರು ಮಾವನೇ. ನೆಂಟರಲ್ಲಿ ಗುಲ್ಲೋ ಗುಲ್ಲು. ಮಾವನ ಅಕ್ಕ ಶಿವಮ್ಮನವರಂತೂ ಚೌಳಹಿರಿಯೂರಿನಿಂದ ಇದಕ್ಕೆಂದೇ ಬಂದು, "ಮಂಡಿ ಸಾಹುಕಾರನ ಸೊಸೆ ಮಿಷನ್ ಕುಟ್ಟಿ ಯಾರ ಮನೆ ಉದ್ಧಾರ ಮಾಡಬೇಕಪ್ಪ?" ಎಂದು ಕೇಳಿದರು. ಮಾವ, "ಮೊದಲು ಪರೀಕ್ಷೆ ಪಾಸಾಗಲಿ ಕಣಕ್ಕಾ, ಆಮೇಲೆ ಯಾರ ಮನೆ ಅಂತ ನೋಡಿದ್ರಾಯ್ತು," ಎಂದುಬಿಟ್ಟರು. ಅಂದಿನಿಂದ ನನಗೆ ಪರೀಕ್ಷೆಯ ಭಯ ಒಂದು ಕಡೆ, ಶಿವಮ್ಮನವರ ಭಯ ಇನ್ನೊಂದು ಕಡೆ. ಎರಡರಲ್ಲಿ ಶಿವಮ್ಮನವರದೇ ಹೆಚ್ಚು.

ಹೀಗಿರುವಾಗ ಒಂದು ದಿನ ತರೀಕೆರೆಯ ಬಾಷಾ ಸಾಬರು ನಮ್ಮ ಮನೆಗೆ ಬಂದರು. ಅವರು ಮಾವನ ಹಳೆಯ ಸ್ನೇಹಿತರು, ಮೆಕ್ಯಾನಿಕ್ಕು. ಆ ಕಾರಿನ ಹೊಟ್ಟೆಯೊಳಗೆ ಏನೇನಿದೆ ಎಂದು ಮಾವನಿಗಿಂತ ಚೆನ್ನಾಗಿ ಬಲ್ಲವರು. ಷೆಡ್ಡಿನಲ್ಲಿದ್ದ ಕಾರನ್ನು ನೋಡಿದರು, ಹಿತ್ತಲಿನ ಕರಟದ ಗುಡ್ಡವನ್ನು ನೋಡಿದರು, ಗಡ್ಡ ಸವರಿಕೊಂಡರು. "ಯಜಮಾನ್ರೇ, ಯುದ್ಧದ ಕಾಲ್ದಾಗೆ ನಾನು ತರೀಕೆರೆ ರೂಟ್ನಾಗೆ ಇದ್ದಿಲು ಬಸ್ ಓಡಿಸ್ತಿದ್ದೆ, ನೆನಪೈತಾ? ಪೆಟ್ರೋಲ್ ಎಲ್ಲಿತ್ತು ಆವಾಗ? ಇದ್ದಿಲು ಉರಿಸಿ ಅದರ ಗ್ಯಾಸ್ನಾಗೇ ಇಂಜಿನ್ ಓಡ್ತಿತ್ತು. ಹೂಂ ಅನ್ನಿ, ಈ ಕಾರ್ಗೂ ಕಟ್ಟಿಕೊಡ್ತೀನಿ. ಕರಟದ ಇದ್ದಿಲು ಅಂದ್ರೆ ನಂಬರ್ ಒನ್ ಮಾಲು," ಎಂದರು. ಮಾವನ ಮುಖ ನೋಡಬೇಕಿತ್ತು. ಅರಬ್ಬಸ್ಥಾನದಲ್ಲಿ ಎಣ್ಣೆಯ ಬಾವಿ ಸಿಕ್ಕಿದಾಗ ಅಲ್ಲಿಯ ದೊರೆಯ ಮುಖವೂ ಅಷ್ಟು ಅರಳಿರಲಾರದು. ನಮ್ಮ ಹಿತ್ತಲಿನಲ್ಲೇ ಇಂಧನದ ಗಣಿ!

ಹತ್ತು ದಿನ ಹಿತ್ತಲು ಕುಲುಮೆಯಾಯಿತು. ಕರಟವನ್ನು ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡಿದರು. ಒಂದು ಹಳೆಯ ಡ್ರಮ್ಮನ್ನು ಕಾರಿನ ಹಿಂಭಾಗಕ್ಕೆ ಕಬ್ಬಿಣದ ಪಟ್ಟಿಗಳಿಂದ ಕಟ್ಟಿದರು. ಮೇಲೆ ಇದ್ದಿಲು ಸುರಿಯಲು ಮುಚ್ಚಳ, ಕೆಳಗೆ ಬೆಂಕಿ, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಗಾಳಿಯಂತ್ರ. ಗ್ಯಾಸನ್ನು ಸೋಸಲು ತೆಂಗಿನ ನಾರು ತುಂಬಿದ ಡಬ್ಬ, ಅಲ್ಲಿಂದ ಇಂಜಿನ್ನಿನವರೆಗೆ ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೂ ಒಂದು ಪೈಪು. ಅತ್ತೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಬಚ್ಚಲ ಹಂಡೆನ ಕಾರಿಗೆ ಕಟ್ಟಿದ್ದೀರಲ್ರೀ, ಸ್ನಾನ ಮಾಡ್ಕೊಂಡೇ ಮಠಕ್ಕೆ ಹೋಗಬೌದು," ಎಂದರು. ಮೊದಲ ಸಲ ಹೊತ್ತಿಸಿದ ದಿನ ಎದ್ದ ಹೊಗೆ ಪಕ್ಕದ ಮನೆಯ ಸಿದ್ದಮ್ಮನವರ ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನೆಲ್ಲ ಒಂದು ಸುತ್ತು ಹಾಕಿಕೊಂಡು ಹೋಯಿತು. ಅವರು ಬೂದು ಬಣ್ಣಕ್ಕೆ ತಿರುಗಿದ ಪಂಚೆಯೊಂದನ್ನು ಹಿಡಿದುಕೊಂಡು ಬಂದು, "ಏನಣ್ಣಾ ಇದು, ನಮ್ಮ ಮನೆಯೋರ ಪಂಚೆ ಕಾವಿಯೋ ಕಂಬಳಿಯೋ?" ಎಂದರು. ಮಾವ ಕೈಮುಗಿದು, ಇನ್ನು ಮುಂದೆ ಅವರು ಬಟ್ಟೆ ಹರವುವುದಕ್ಕೆ ಮುಂಚೆಯೇ ಒಲೆ ಹೊತ್ತಿಸುವುದಾಗಿ ಮಾತು ಕೊಟ್ಟರು. ಹೊಗೆಯ ವಿಷಯದಲ್ಲಿ ಎರಡು ಮನೆಗಳ ನಡುವೆ ಆದ ಆ ಒಪ್ಪಂದವನ್ನು ಎರಡು ಕಡೆಯವರೂ ಕೊನೆಯವರೆಗೆ ಪಾಲಿಸಿದರು.

ಪರೀಕ್ಷೆ ಬಂತು. ಕೇಂದ್ರ ಕಡೂರಿನಲ್ಲಿ. ಪ್ರತಿ ವರ್ಷ ಇನ್‌ಸ್ಟಿಟ್ಯೂಟಿನವರು ಮಿಷನ್‌ಗಳನ್ನು ರೈಲಿನಲ್ಲಿ ಸಾಗಿಸುತ್ತಿದ್ದರು. ಆ ವರ್ಷ ಮೇ ತಿಂಗಳಲ್ಲಿ ರೈಲ್ವೆ ಮುಷ್ಕರ. ಅಜ್ಜಂಪುರದ ಸ್ಟೇಷನ್ನಿನಲ್ಲಿ ಮೇಕೆಗಳು ಪ್ಲಾಟ್‌ಫಾರಮ್ಮಿನ ಮೇಲೆ ಮಲಗಿದ್ದವು. ರೈಲಿನ ಜನವೆಲ್ಲ ಬಸ್ಸಿಗೆ ಬಿದ್ದು, ಬಸ್ಸುಗಳು ನಮ್ಮ ಊರಿನಲ್ಲಿ ನಿಲ್ಲುವುದನ್ನೇ ಬಿಟ್ಟಿದ್ದವು. ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಕೈಚೆಲ್ಲಿ, "ಅವರವರ ಮಿಷನ್ ಅವರವರೇ ತಗೊಂಡು ಹೋಗಬೇಕು ಕಣ್ರಮ್ಮಾ," ಎಂದರು. ನನ್ನ ಯಜಮಾನರು ಕೊಬ್ಬರಿ ಲೋಡಿನ ಜೊತೆ ಹೋದವರು ದೂರದ ಊರಿನಲ್ಲೇ ಸಿಕ್ಕಿಬಿದ್ದಿದ್ದರು. ನಾನು ಅಳುಮುಖ ಮಾಡಿಕೊಂಡು ಮಾವನ ಮುಂದೆ ನಿಂತೆ. ಮಾವ ಪತ್ರಿಕೆ ಮಡಿಸಿಟ್ಟು, "ಅದಕ್ಯಾಕಮ್ಮಾ ಅಳ್ತೀಯ? ರೈಲು ನಿಂತ್ರೆ ನಿಲ್ಲಲಿ. ನಮ್ಮ ಗಾಡಿ ಐತಲ್ಲ," ಎಂದರು. ನನಗೆ ಇನ್ನಷ್ಟು ಅಳು ಬಂತು. ಡ್ರಮ್ಮು ಕಟ್ಟಿದ ಮೇಲೆ ಆ ಕಾರು ಅಲ್ಲಿಯವರೆಗೆ ಊರಿನ ಕೆರೆ ಏರಿ ದಾಟಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆಯೇ ತಯಾರಿ. ಬಾಷಾ ಸಾಬರು ಹಿಂದಿನ ದಿನವೇ ಬಂದು ಉಳಿದಿದ್ದರು. ಡ್ರಮ್ಮು ತುಂಬ ಇದ್ದಿಲು ಸುರಿದು ಬೆಂಕಿ ಹೊತ್ತಿಸಿ, ಗಾಳಿಯಂತ್ರ ತಿರುಗಿಸುವುದಕ್ಕೆ ಯಾರಾದರೂ ಬನ್ನಿ ಎಂದಾಗ, ಎಲ್ಲರೂ ಆಶ್ಚರ್ಯಪಡುವಂತೆ ಅತ್ತೆ ಸೆರಗು ಸಿಕ್ಕಿಸಿ ಮುಂದೆ ಬಂದರು. ರಾಗಿ ಬೀಸಿ ಪಳಗಿದ ಕೈ. ಅವರು ತಿರುಗಿಸಿದ ರಭಸಕ್ಕೆ ಡ್ರಮ್ಮು ಬುಸುಗುಟ್ಟಿತು. ಬಾಷಾ ಸಾಬರು ಪೈಪಿನ ತುದಿಗೆ ಬೆಂಕಿಕಡ್ಡಿ ಗೀರಿ ಹಿಡಿದರು. ಮೊದಲು ಬರೀ ಹೊಗೆ, ಆಮೇಲೆ ನೀಲಿಯಾಗಿ ಒಂದು ಜ್ವಾಲೆ. "ಬಂತು! ಗ್ಯಾಸ್ ಬಂತು!" ಎಂದು ಅವರು ಕೂಗಿದರು. ಒಂದು ಲೋಟ ಪೆಟ್ರೋಲಿನಲ್ಲಿ ಇಂಜಿನ್ನನ್ನು ಎಬ್ಬಿಸಿ, ಗ್ಯಾಸಿಗೆ ತಿರುಗಿಸಿದರು. ಇಂಜಿನ್ನು ಎರಡು ಸಲ ಕೆಮ್ಮಿ, ಯೋಚನೆ ಮಾಡಿ, ಓಡಲು ಒಪ್ಪಿತು. ಅತ್ತೆ ಹಣೆಯ ಬೆವರು ಒರೆಸಿಕೊಂಡು ನನ್ನ ಕಡೆ ನೋಡಿದ ನೋಟದಲ್ಲಿ, ಜಂಬ ಬೇಡವೆಂದು ಹೇಳಿಕೊಟ್ಟ ಅತ್ತೆಯ ಸುಳಿವೇ ಇರಲಿಲ್ಲ.

ಮಾವ ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ಬಾಷಾ ಸಾಬರು, ಹಿಂದೆ ನಾನು, ನನ್ನ ತೊಡೆಯ ಮೇಲೆ ಟೈಪ್‌ರೈಟರು. "ಕಿಟಕಿ ಮುಚ್ಚಬ್ಯಾಡಮ್ಮಾ," ಎಂದು ಬಾಷಾ ಸಾಬರು ಎಚ್ಚರಿಸಿದರು. "ಈ ಗ್ಯಾಸ್ ಒಳಗೆ ತುಂಬ್ಕಂಡ್ರೆ ಸುಖವಾಗಿ ನಿದ್ದೆ ಬತ್ತದೆ. ಆಮೇಲೆ ಎಚ್ಚರ ಆಗಲ್ಲ." ಇಷ್ಟು ಕೇಳಿದ ಮೇಲೆ ನಾನು ದಾರಿಯುದ್ದಕ್ಕೂ ಕತ್ತನ್ನು ಕಿಟಕಿಯ ಹೊರಗೇ ಇಟ್ಟುಕೊಂಡಿದ್ದೆ. ಹಾಗಾಗಿ ನಮ್ಮನ್ನು ಹಿಂದೆ ಹಾಕಿದ ಸೈಕಲ್ ಸವಾರ ಯಾರೆಂದು ಚೆನ್ನಾಗಿ ಕಂಡಿತು. ಅವನು ನಮ್ಮ ಊರಿನ ಅಂಚೆಯವನು. ಮುಂದೆ ಹೋಗಿ, ಕನಿಕರದಿಂದ ಒಮ್ಮೆ ತಿರುಗಿಯೂ ನೋಡಿದ. ಮಾವ ಮಾತ್ರ ಸ್ಟೇರಿಂಗನ್ನು ವಿಮಾನದ್ದೆಂಬಂತೆ ಹಿಡಿದು, "ನೋಡಮ್ಮಾ, ಒಂದು ಹನಿ ಪೆಟ್ರೋಲಿಲ್ಲ! ಒಂದು ಹನಿ!" ಎನ್ನುತ್ತಲೇ ಇದ್ದರು.

ಬೀರೂರಿಗೆ ಮುಂಚೆ ಒಂದು ಏರು. ಬಸ್ಸಿನಲ್ಲಿ ಹೋಗುವಾಗ ಅದೊಂದು ಏರು ಎಂಬುದೇ ನನಗೆ ಗೊತ್ತಿರಲಿಲ್ಲ. ಕರಟಕ್ಕೆ ಗೊತ್ತಾಯಿತು. ಅರ್ಧ ಏರಿ ಕಾರು ನಿಂತಲ್ಲೇ ಗುರುಗುಟ್ಟತೊಡಗಿತು. ಬಾಷಾ ಸಾಬರು ಇಳಿದು ತಳ್ಳಿದರು, ಸಾಲದು. ಕುರಿ ಮೇಯಿಸುತ್ತಿದ್ದ ಇಬ್ಬರು ಬಂದು ಕೈ ಹಚ್ಚಿದರು, ಸಾಲದು. ಹೊಸ ಸೀರೆ ಉಟ್ಟು ಪರೀಕ್ಷೆಗೆ ಹೊರಟ ನಾನು ಮೊದಲು ಗಂಭೀರವಾಗಿ ಕೂತೇ ಇದ್ದೆ. ಕುರಿಯವರಲ್ಲಿ ಹಿರಿಯವನು ಕಿಟಕಿಯಲ್ಲಿ ತಲೆ ಹಾಕಿ, "ಅಮ್ಮಾ, ಆ ಕಬ್ಬಿಣದ ಗಂಟು ಅಲ್ಲೇ ಇರಲಿ, ನೀನು ಇಳಿದ್ರೆ ಸ್ವಲ್ಪ ಹಗುರ ಆಯ್ತದೆ," ಎಂದ. ಇಳಿದೆ. ಇಳಿದ ಮೇಲೆ ಸುಮ್ಮನೆ ನಿಲ್ಲಲು ನಾಚಿಕೆಯಾಗಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಾನೂ ತಳ್ಳಿದೆ. ಕುರಿಗಳು ಬ್ಯಾ ಎನ್ನುತ್ತ ಹಿಂದೆ ಬಂದವು. ಏರು ಮುಗಿಯಿತು.

ಬೀರೂರಿನ ಮೊದಲ ಮನೆಗಳು ಕಾಣುವ ಹೊತ್ತಿಗೆ ಇಂಜಿನ್ನು ಪೂರ್ತಿ ನಿಂತುಹೋಯಿತು. ಬಾಷಾ ಸಾಬರು ಡ್ರಮ್ಮಿನ ಮುಚ್ಚಳ ತೆಗೆದು ನೋಡಿ, "ಖಾಲಿ. ನನ್ನ ಲೆಕ್ಕದ ಪ್ರಕಾರ ಇಲ್ಲಿಗೇ ಖಾಲಿ ಆಗಬೇಕು. ಆ ಮೂಟೆ ಕೊಡಮ್ಮಾ," ಎಂದು ಕೈ ಚಾಚಿದರು. ಹೊರಡುವ ಗಡಿಬಿಡಿಯಲ್ಲಿ ಹಿಂದಿನ ಸೀಟಿನ ಕೆಳಗೆ ಕಾಲಿಡಲು ಜಾಗವಿಲ್ಲದಂತೆ ಇದ್ದಿಲಿನ ಒಂದು ಮೂಟೆ ಇತ್ತು. ಹೊಸ ಸೀರೆಗೆ ಮಸಿ ಹತ್ತೀತೆಂದು ಅದನ್ನು ಎಳೆದು ಜಗಲಿಯ ಮೇಲೆ ಇಟ್ಟುಬಂದಿದ್ದೆ. ಸುಳ್ಳು ಹೇಳೋಣವೆಂದುಕೊಂಡೆ, ಬಾಯಿ ಬರಲಿಲ್ಲ. "ಮಾವ, ಅದನ್ನ ನಾನೇ ಇಳಿಸಿಬಿಟ್ಟೆ," ಎಂದೆ. ಮಾವ ಗಡಿಯಾರ ನೋಡಿಕೊಂಡರು. ನನ್ನನ್ನು ನೋಡಿದರು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. "ಅರಬ್ಬರು ಬೆಲೆ ಸಾಲದು ಅಂತ ನಿಲ್ಲಿಸಿದ್ರು, ನೀನು ಸೀರೆ ಕೆಡ್ತದೆ ಅಂತ ಇಳಿಸಿದೆ," ಎಂದರು ನಿಧಾನವಾಗಿ. "ಪೂರೈಕೆ ನಿಂತು ಹೋಗೋಕೆ ಏನೇನು ಕಾರಣ ಇರ್ತದಪ್ಪಾ ಪ್ರಪಂಚದಲ್ಲಿ!" ಬಾಷಾ ಸಾಬರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಆ ನಗುವಿಗಿಂತ ಬೈದಿದ್ದರೇ ಚೆನ್ನಾಗಿತ್ತು.

ತಪ್ಪು ನನ್ನದು, ಇದ್ದಿಲು ತರುವವಳೂ ನಾನೇ ಎಂದು ಹೊರಟೆ. ಬೀದಿಯ ತಿರುವಿನಲ್ಲಿ ಒಂದು ಇಸ್ತ್ರಿ ಅಂಗಡಿ. ವಯಸ್ಸಾದ ಹೆಂಗಸೊಬ್ಬಳು ಹಿತ್ತಾಳೆಯ ಪೆಟ್ಟಿಗೆಯಲ್ಲಿ ಕೆಂಡ ತುಂಬಿಸುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ ತುಂಬ ಇದ್ದಿಲು. ಇದ್ದಿಲು ಬೇಕು, ಪರೀಕ್ಷೆಗೆ ಹೋಗಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. "ಇದ್ದಿಲು ತಗೊಂಡು ಏನು ಪರೀಕ್ಷೆನಮ್ಮಾ? ಹಲ್ಲುಜ್ಜೋದಾ?" ಎಂದಳು. ಟೈಪಿಂಗ್ ಎಂದೆ. ತಿಳಿಯಲಿಲ್ಲ. ಅವಳ ಇಸ್ತ್ರಿ ಮೇಜಿನ ಮೇಲೆಯೇ ಹತ್ತು ಬೆರಳನ್ನೂ ಟಕಟಕ ಆಡಿಸಿ ತೋರಿಸಿದೆ. ಅವಳು ನನ್ನ ಬೆರಳುಗಳನ್ನು ಕಣ್ಣರಳಿಸಿ ನೋಡಿ, "ಅಯ್ಯೋ ನಮ್ಮವ್ವ, ಎಷ್ಟು ಬಿರಬಿರನೆ ಓಡ್ತವೆ! ತಗೊಂಡೋಗು, ನನ್ನ ಪೆಟ್ಟಿಗೆಗೆ ಒಂದು ಹಿಡಿ ಬಿಟ್ಟು ಉಳಿದದ್ದೆಲ್ಲ ತಗೊಂಡೋಗು," ಎಂದು ಬುಟ್ಟಿಯನ್ನೇ ಎತ್ತಿಕೊಟ್ಟಳು. ಸಾಲದೆಂದು ನನ್ನ ಹಿಂದೆಯೇ ಬಂದು, ಬಾಷಾ ಸಾಬರು ಡ್ರಮ್ಮಿಗೆ ಇದ್ದಿಲು ಸುರಿಯುವುದನ್ನು ನೋಡಿ, "ಓಹೋ, ಇದೂ ಇಸ್ತ್ರಿ ಪೆಟ್ಟಿಗೆನೇ, ಸ್ವಲ್ಪ ದೊಡ್ಡದು," ಎಂದು ತೀರ್ಮಾನ ಕೊಟ್ಟಳು. ಈ ಸಲ ಗಾಳಿಯಂತ್ರ ತಿರುಗಿಸಿದವಳು ನಾನು. ಟೈಪಿಂಗಿಗೆ ಮುಂಚೆ ಬೆರಳುಗಳಿಗೆ ಒಳ್ಳೆಯ ವ್ಯಾಯಾಮ.

ಕಡೂರಿನ ಶಾಲೆಯ ಗೇಟಿಗೆ ನಮ್ಮ ಕಾರು ಬುಸುಗುಟ್ಟುತ್ತ ಬಂದಾಗ ಮೊದಲ ಗಂಟೆ ಹೊಡೆದಾಗಿತ್ತು. ನಾನು ಟೈಪ್‌ರೈಟರನ್ನು ಎತ್ತಲು ಹೋದರೆ ಗಾಳಿಯಂತ್ರ ತಿರುಗಿಸಿ ಸೋತ ತೋಳುಗಳಿಗೆ ಅದು ಏಳಲಿಲ್ಲ. ಮಾವ ನನ್ನನ್ನು ಪಕ್ಕಕ್ಕೆ ಸರಿಸಿ, ಮಿಷನ್ನನ್ನು ಎತ್ತಿ ಹೆಗಲ ಮೇಲೆ ಇಟ್ಟುಕೊಂಡು ಓಡಿದರು. ಜೀವಮಾನದಲ್ಲಿ ಒಂದು ಕೊಬ್ಬರಿ ಚೀಲವನ್ನೂ ಎತ್ತದ ಮನುಷ್ಯ! ರುಮಾಲು ಸಡಿಲವಾಗಿತ್ತು, ವಿಭೂತಿಯ ಮೇಲೆ ಮಸಿ ಕೂತಿತ್ತು. ಕೊಠಡಿಯ ಬಾಗಿಲಲ್ಲಿದ್ದ ಮೇಲ್ವಿಚಾರಕರು, "ಹಮಾಲಿಗಳೆಲ್ಲ ಒಳಗೆ ಬರಬಾರದು, ಅಲ್ಲೇ ಇಟ್ಟು ಹೋಗಪ್ಪ," ಎಂದರು. ಮಾವ ಮಿಷನ್ನನ್ನು ನನ್ನ ಮೇಜಿನ ಮೇಲೆ ಹುಷಾರಾಗಿ ಇಳಿಸಿ, ನೆಟ್ಟಗೆ ನಿಂತು ಏದುಸಿರು ಬಿಡುತ್ತ, "ಹಮಾಲಿ ಅಲ್ಲ ಸ್ವಾಮಿ. ಮಾವ. ಈಕೆ ನಮ್ಮ ಸೊಸೆ," ಎಂದರು. ಬೇರೆ ಯಾವ ಪದವಿಯನ್ನೂ ಅವರು ಅಷ್ಟು ಜೋರಾಗಿ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ. ಇಡೀ ಕೊಠಡಿ ತಿರುಗಿ ನೋಡಿತು. ನನ್ನ ಕಣ್ಣು ಮಂಜಾಗಿ ಮೊದಲ ಸಾಲಿನಲ್ಲೇ ಎರಡು ತಪ್ಪು ಒತ್ತಿದೆ. ಹಾಳೆಯ ಅಂಚಿನಲ್ಲಿದ್ದ ಕರಿಯ ಹೆಬ್ಬೆಟ್ಟಿನ ಗುರುತು ನೋಡಿ ಮೇಲ್ವಿಚಾರಕರು "ಏನಮ್ಮಾ ಇದು?" ಎಂದಾಗ ಮಾತ್ರ, "ರಿಬ್ಬನ್ ಸಾರ್," ಎಂದು ತಡವರಿಸದೆ ಹೇಳಿದೆ.

ಪಾಸಾದೆ. ಭಾರಿ ಅಂಕವೇನೂ ಅಲ್ಲ, ಆದರೆ ಪಾಸು ಪಾಸೇ. ಮಾವ ಪಾಸಾದ ಕಾಗದವನ್ನು ತೆಗೆದುಕೊಂಡು ಗ್ಯಾಸಿನ ಕಾರಿನಲ್ಲೇ ಚೌಳಹಿರಿಯೂರಿಗೆ ಹೋಗಿ ಶಿವಮ್ಮನವರಿಗೆ ತೋರಿಸಿ ಬಂದರು. ಶಿವಮ್ಮನವರು ಕಾಗದ ನೋಡಿದ್ದಕ್ಕಿಂತ ಹೆಚ್ಚಾಗಿ ಕಾರನ್ನೇ ನೋಡಿದರಂತೆ. ಮುಂದೆ ಕನ್ನಡ ಟೈಪನ್ನೂ ಕಲಿತೆ, ತರೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕಾರು ಎರಡು ವರ್ಷ ಕರಟದ ಮೇಲೆ ಓಡಿತು. ಆಮೇಲೆ ಪೆಟ್ರೋಲ್ ಸಿಗತೊಡಗಿತು. ಬೆಲೆಯೇನೂ ಇಳಿಯಲಿಲ್ಲ, ನಮಗೇ ಅಭ್ಯಾಸವಾಯಿತು. ಬಾಷಾ ಸಾಬರೇ ಬಂದು ಡ್ರಮ್ಮನ್ನು ಬಿಚ್ಚಿದರು. ಬಿಚ್ಚಿದ ಪಟ್ಟಿಗಳನ್ನು ಮಾವ ಒಂದೊಂದಾಗಿ ಒರೆಸಿ ಷೆಡ್ಡಿನಲ್ಲಿ ಎತ್ತಿಟ್ಟರು.

ಎಂಬತ್ತರ ನಂತರ ಒಂದು ದಿನ ಅಜ್ಜಂಪುರದಲ್ಲಿ ಇಂಧನ ಉಳಿತಾಯದ ಸಭೆ ನಡೆಯಿತು. ಬೆಂಗಳೂರಿನಿಂದ ಬಂದ ಅಧಿಕಾರಿಯೊಬ್ಬರು ನಕ್ಷೆ ತೂಗುಹಾಕಿ, ಪ್ರಪಂಚದಲ್ಲಿ ಕಲ್ಲಿದ್ದಲು ಎಷ್ಟು, ಎಣ್ಣೆ ಎಷ್ಟು, ಬೇಡಿಕೆ ಹೇಗೆ ಏರುತ್ತಿದೆ, ಹೊಗೆಯಿಂದ ಆಕಾಶ ಹೇಗೆ ಕೆಡುತ್ತಿದೆ ಎಂದು ಕೋಲಿನಿಂದ ತೋರಿಸಿ ವಿವರಿಸಿದರು. ಕಚೇರಿಯ ಕಡೆಯಿಂದ ನಡಾವಳಿ ಬರೆದುಕೊಳ್ಳಲು ನಾನು ಮೂಲೆಯಲ್ಲಿ ಕೂತಿದ್ದೆ. ಮೊದಲ ಸಾಲಿನಲ್ಲಿ ಮಾವ. ಅಧಿಕಾರಿಗಳು, "ಪೆಟ್ರೋಲ್ ಇಲ್ಲದಿದ್ದರೆ ನೀವೆಲ್ಲ ಏನು ಮಾಡುತ್ತೀರಿ?" ಎಂದು ಕೇಳಿದ್ದೇ ತಡ, ಮಾವ ಎದ್ದು ನಿಂತು ಕರಟದ ಕಥೆ ಶುರುಮಾಡಿದರು. ಅಧಿಕಾರಿಗಳಿಗೆ ನಂಬಿಕೆ ಬರಲಿಲ್ಲ. "ಅಷ್ಟು ದೂರ ಎಲ್ಲೂ ನಿಲ್ಲದೆ ಹೋಯಿತೇ?" ಎಂದರು. ಮಾವ ನನ್ನ ಕಡೆ ಕೈ ತೋರಿಸಿ, "ಅವಳೇ ಸಾಕ್ಷಿ, ಕೇಳಿ ಸ್ವಾಮಿ," ಎಂದರು. ಸಭೆಯೆಲ್ಲ ನನ್ನ ಕಡೆ ತಿರುಗಿತು. ನಾನು ಎದ್ದು, ಸರ್ಕಾರಿ ನೌಕರರಿಗೆ ತಕ್ಕ ಗಾಂಭೀರ್ಯದಿಂದ, "ಎಲ್ಲೂ ನಿಲ್ಲಲಿಲ್ಲ ಸಾರ್. ಗಾಳಿಯ ಹಾಗೆ ಹೋಯಿತು," ಎಂದೆ.

"ಏ, ಸುಳ್ಳು ಯಾಕಮ್ಮಾ ಹೇಳ್ತೀಯ?" ಎಂದರು ಮಾವ. "ಎರಡು ಸಲ ನಿಂತಿತು ಸ್ವಾಮಿ. ಏರಿನಲ್ಲಿ ಒಂದ್ಸಲ, ಬೀರೂರಲ್ಲಿ ಒಂದ್ಸಲ. ಏರಿನಲ್ಲಿ ತಳ್ಳಿದ್ದು ಯಾರು ಅಂದ್ಕೊಂಡ್ರಿ? ಇವಳೇ! ಹೊಸ ಸೀರೆ ಉಟ್ಕೊಂಡು, ಕುರಿ ಕಾಯೋರ ಜೊತೆ ಭುಜ ಕೊಟ್ಟು ತಳ್ಳಿದ್ಲು. ಅಂಥ ಸೊಸೆ ಕಣ್ರೀ ನಮ್ಮೋಳು!" ಸಭೆ ಚಪ್ಪಾಳೆ ಹೊಡೆಯಿತು. ನಮ್ಮ ತಹಸೀಲ್ದಾರರು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ನಾನು ಪೆನ್ಸಿಲ್ಲನ್ನು ಬಹಳ ಹೊತ್ತು ಚೂಪು ಮಾಡಿದೆ.

ಮರುದಿನ ಕಚೇರಿಯಲ್ಲಿ ನಡಾವಳಿಯನ್ನು ಟೈಪು ಮಾಡಲು ಕೂತಾಗ ಆ ಭಾಗ ಬಂತು. ಮಾವ ಹೇಳಿದ್ದನ್ನು ಬಿಡುವಂತಿಲ್ಲ, ತಹಸೀಲ್ದಾರರು ಕೇಳಿಸಿಕೊಂಡಿದ್ದಾರೆ. ಹೇಳಿದಂತೆಯೇ ಒತ್ತಿದರೆ, ಟೈಪಿಸ್ಟು ಸುಳ್ಳು ಹೇಳಿದ, ಕಾರು ತಳ್ಳಿದ ಸಂಗತಿ ಸರ್ಕಾರದ ಕಡತದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ತುಂಬ ಯೋಚಿಸಿ ಒಂದು ಸಾಲು ಒತ್ತಿದೆ: "ಸದರಿ ವಾಹನವು ಮಾರ್ಗಮಧ್ಯೆ ಸಾರ್ವಜನಿಕರ ತುಂಬು ಸಹಕಾರದಿಂದ ಕಡೂರು ತಲುಪಿರುತ್ತದೆ." ತಹಸೀಲ್ದಾರರು ಆ ಸಾಲಿನ ಮೇಲೆ ಒಂದು ಗಳಿಗೆ ಪೆನ್ನು ನಿಲ್ಲಿಸಿದರು, ಮೀಸೆಯ ಅಡಿಯಲ್ಲಿ ಏನೋ ಆಯಿತು, ಸಹಿ ಹಾಕಿದರು. ಒಂದೇ ಒಂದು ಟೈಪಿಂಗ್ ತಪ್ಪಿಲ್ಲದ ಸಾಲು ಅದು. ಅದರ ಬಗ್ಗೆಯೂ ನನಗೆ ಸಾಕಷ್ಟು ಜಂಬವಿದೆ.